ಅಜ್ಜನ ಕಾಲದ ಜಮೀನು ದಾಖಲೆ ತಾಲ್ಲೂಕು ಕಚೇರಿಯಿಂದ ತೆಗೆಸುವುದು ಹೇಗೆ

"ಹಳೇ ರೆಕಾರ್ಡ್ ಬೇಕಿತ್ತು ಸಾರ್" ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಏನೂ ಸಿಗುವುದಿಲ್ಲ. ಆ ಹೆಸರಿನ ದಾಖಲೆ ಅಲ್ಲಿ ಇಲ್ಲ. ಅಲ್ಲಿರುವುದು ಕೈಬರಹದ ಪಹಣಿ (ಜಮೀನು ಯಾರದು, ಎಷ್ಟು ಎಂದು ಬರೆದದ್ದು), ಎಂ.ಆರ್. (ಖಾತೆ ಬದಲಾವಣೆಯ ಪುಸ್ತಕ), ಸಾಗುವಳಿ ಚೀಟಿಯ (ಸರ್ಕಾರಿ ಜಮೀನು ಮಂಜೂರಾದ ಪತ್ರ) ಕಡತ, ಪಕ್ಕದ ಸರ್ವೆ ಕಚೇರಿಯಲ್ಲಿ ಅಳತೆಯ ಟಿಪ್ಪಣಿ, ವಿಸ್ತೀರ್ಣದ ಲೆಕ್ಕವಿರುವ ಆಕಾರ್‌ಬಂದ್. ಒಂದೊಂದಕ್ಕೂ ಒಂದು ಹೆಸರು, ಒಂದು ನಂಬರು, ಒಂದು ವರ್ಷ ಇರುತ್ತದೆ. ಅದನ್ನು ಹೇಳಿ ಕೇಳಿದರೆ ರೆಕಾರ್ಡ್ ರೂಮಿನವರು ಎದ್ದು ಒಳಗೆ ಹೋಗುತ್ತಾರೆ. ಹೇಳದೆ ಕೇಳಿದರೆ "ನಾಳೆ ಬನ್ನಿ" ಎನ್ನುತ್ತಾರೆ. ನಾನು ಹೇಳಹೊರಟಿರುವುದು ಮುಖ್ಯವಾಗಿ ಇಷ್ಟೇ, ಆದರೆ ಆ ನಂಬರು, ಆ ವರ್ಷ ಹುಡುಕುವುದು ಹೇಗೆ ಎನ್ನುವುದೇ ದೊಡ್ಡ ಕೆಲಸ.

ನಾನು ಇದನ್ನು ಕಲಿತದ್ದು ನಮ್ಮ ಮನೆಯ ತಕರಾರಿನಿಂದ. ಅಜ್ಜನ ಪಟ್ಟಾ ಪುಸ್ತಕದಲ್ಲಿ ನಮ್ಮ ಜಮೀನು 2 ಎಕರೆ 14 ಗುಂಟೆ ಎಂದಿತ್ತು. ಈಗಿನ ಪಹಣಿಯಲ್ಲಿ 1 ಎಕರೆ 38 ಗುಂಟೆ. ಎಕರೆಗೆ 40 ಗುಂಟೆ, ಲೆಕ್ಕ ಹಾಕಿದರೆ 16 ಗುಂಟೆ ಕಡಿಮೆ. ಅದೇ ಸರ್ವೆ ನಂಬರಿನ ಇನ್ನೊಂದು ಹಿಸ್ಸಾ (ಪಾಲು), ಸರಿಯಾಗಿ 16 ಗುಂಟೆ, ಪಕ್ಕದ ಜಮೀನಿನವರ ಹೆಸರಿನಲ್ಲಿ. ನಮ್ಮ ಚಿಕ್ಕಪ್ಪನಿಗೆ ಇಷ್ಟು ಸಾಕಾಯಿತು. ಒತ್ತುವರಿ ಮಾಡಿ ಖಾತೆ ಮಾಡಿಸಿಕೊಂಡಿದ್ದಾರೆ ಎಂದು ಹನ್ನೊಂದು ವರ್ಷ ಆ ಮನೆಯವರ ಜೊತೆ ಮಾತು ಬಿಟ್ಟಿದ್ದರು. ಕೇಸು ಹಾಕೋಣ ಎಂದು ವಕೀಲರ ಹತ್ತಿರ ಹೋದಾಗ ಅವರು "ಮೊದಲು ದಾಖಲೆ ತನ್ನಿ" ಎಂದರು. ಹಾಗೆ ಶುರುವಾದದ್ದು ನಮ್ಮ ಓಡಾಟ.

ಮನೆಯಲ್ಲೇ ಅರ್ಧ ಕೆಲಸ

ಕಚೇರಿಗೆ ಹೋಗುವ ಮೊದಲು ಮನೆಯ ಟ್ರಂಕು ತೆಗೆಯಿರಿ. ಹಳೆಯ ಕಂದಾಯ ರಸೀದಿ, ಪಟ್ಟಾ ಪುಸ್ತಕ, ಸೊಸೈಟಿ ಸಾಲದ ಕಾಗದ, ಹರಿದ ಕ್ರಯಪತ್ರ, ಯಾವುದನ್ನೂ ಬಿಡಬೇಡಿ. ಇವುಗಳಲ್ಲಿ ಹುಡುಕಬೇಕಾದ್ದು ಸರ್ವೆ ನಂಬರ್ ಮತ್ತು ವರ್ಷ. ಸರ್ವೆ ನಂಬರೇ ಗೊತ್ತಿಲ್ಲ ಅಂತಾದರೆ ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಜಮೀನಿನ ಮಧ್ಯೆ ನಿಂತು ನೋಡಿ, ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬದುವಿನ ಹತ್ತಿರ ನಿಂತರೆ ಪಕ್ಕದ ನಂಬರ್ ತೋರಿಸಿಬಿಡಬಹುದು, ಅದಕ್ಕೇ ಮಧ್ಯೆ ನಿಲ್ಲಿ ಅಂದದ್ದು.

ಆಮೇಲೆ ಈಗಿನ ಪಹಣಿ ತೆಗೆಸಿ. ಕಂದಾಯ ಇಲಾಖೆಯ ಭೂಮಿ ತಾಣದಲ್ಲಿ ಸುಮ್ನೆ ನೋಡುವುದಕ್ಕೆ ದುಡ್ಡು ಬೇಕಿಲ್ಲ. ಅಧಿಕೃತ ಪ್ರತಿ ಬೇಕಾದರೆ ಆನ್‌ಲೈನಿನಲ್ಲಿ ಶುಲ್ಕ ಕಟ್ಟಬಹುದು, ಇಲ್ಲವೇ ನಾಡಕಚೇರಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗಬಹುದು. ಪಹಣಿ ಕೈಗೆ ಬಂದ ತಕ್ಷಣ ಎಲ್ಲರೂ 9ನೇ ಕಾಲಂ ನೋಡುತ್ತಾರೆ, ಅಲ್ಲಿ ಮಾಲೀಕರ ಹೆಸರು ಇರುತ್ತದಲ್ಲ, ಅದಕ್ಕೆ. ನೀವು 10ನೇ ಕಾಲಂ ನೋಡಿ. ಈ ಜಮೀನು ಇವರಿಗೆ ಹೇಗೆ ಬಂತು ಎನ್ನುವುದು ಅಲ್ಲಿದೆ. "ಎಂ.ಆರ್." ಎಂದು ಬರೆದು ಒಂದು ನಂಬರು, ಒಂದು ವರ್ಷ ಹಾಕಿರುತ್ತಾರೆ. ಎಂ.ಆರ್. ಅಂದರೆ ಮ್ಯುಟೇಷನ್ ರಿಜಿಸ್ಟರ್, ಹಕ್ಕು ಬದಲಾವಣೆಯ ಪುಸ್ತಕ. ಖಾತೆ ಒಬ್ಬರಿಂದ ಇನ್ನೊಬ್ಬರಿಗೆ ಬದಲಾದಾಗೆಲ್ಲ ಆ ಪುಸ್ತಕದಲ್ಲಿ ಒಂದು ನಮೂದು ಬೀಳುತ್ತದೆ. ಕ್ರಯವೋ, ವಿಭಾಗವೋ, ದಾನವೋ, ಪೌತಿಯೋ (ಮಾಲೀಕರು ತೀರಿಹೋಗಿ ವಾರಸುದಾರರಿಗೆ ಬಂದದ್ದೋ) ಎಂದು ಕಾರಣವೂ ಇರುತ್ತದೆ. 11ನೇ ಕಾಲಂನಲ್ಲಿ ಸಾಲ, ಕೋರ್ಟ್ ತಡೆ ಇಂಥವು ಇರುತ್ತವೆ, ಅದನ್ನೂ ಓದಿಕೊಳ್ಳಿ.

ಈ ಎಂ.ಆರ್. ನಂಬರೇ ನಿಮ್ಮ ದಾರದ ತುದಿ. ಅದನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಇಂದಿನ ಪಹಣಿಯಿಂದ ಒಂದು ಎಂ.ಆರ್., ಅದರಿಂದ ಅದಕ್ಕೂ ಹಿಂದಿನ ಪಹಣಿ, ಆ ಪಹಣಿಯಿಂದ ಇನ್ನೊಂದು ಎಂ.ಆರ್. ನೇರವಾಗಿ ಅಜ್ಜನ ಕಾಲಕ್ಕೆ ಜಿಗಿಯಲು ಹೋದರೆ ನಡುವೆ ಹಿಸ್ಸಾ ನಂಬರ್ ಬದಲಾದದ್ದು ಗೊತ್ತಾಗದೆ ಬೇರೆಯವರ ಜಮೀನಿನ ಕಾಗದ ತಂದುಕೊಳ್ಳುತ್ತೀರಿ. ನಾವು ಮೊದಲ ಸಲ ಮಾಡಿದ್ದು ಅದೇ ತಪ್ಪು. ಈಗಿನ 47/2 ಎಂದು ಬರೆದುಕೊಟ್ಟೆವು. ಹಳೆಯ ಪುಸ್ತಕದಲ್ಲಿ ಹಿಸ್ಸಾನೇ ಇರಲಿಲ್ಲ, ಬರೀ 47 ಇತ್ತು. "ಆ ನಂಬರ್ ಇಲ್ಲ" ಎಂದು ವಾಪಸ್ ಕಳಿಸಿದರು, ಅವರು ಹೇಳಿದ್ದೂ ಸರಿಯೇ.

ಕಂಪ್ಯೂಟರ್ ಪಹಣಿ ಶುರುವಾದದ್ದು ಭೂಮಿ ಯೋಜನೆ ಬಂದಮೇಲೆ, ಅಂದರೆ 2000ದ ಆಸುಪಾಸಿನಲ್ಲಿ. ಅದರ ಹಿಂದಿನದೆಲ್ಲ ಕೈಬರಹದ್ದು. ಅವು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಇರುತ್ತವೆ. ಎಲ್ಲರೂ ರೆಕಾರ್ಡ್ ರೂಮ್ ಅಂತಲೇ ಕರೆಯುತ್ತಾರೆ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, "ನಮ್ಮ ಗ್ರಾಮದ ಪುಸ್ತಕ ಸ್ಕ್ಯಾನ್ ಆಗಿದೆಯಾ?" ಆಗಿದ್ದರೆ ನಿಮ್ಮ ಕೆಲಸ ಎಷ್ಟೋ ಹಗುರ.

ಅರ್ಜಿ ಹೀಗೆ ಬರೆಯಿರಿ

ಉದ್ದ ಕಥೆ ಬೇಡ. ಪಕ್ಕದವರು ಮೋಸ ಮಾಡಿದರು, ನಮಗೆ ಅನ್ಯಾಯ ಆಗಿದೆ ಎಂದೆಲ್ಲ ಬರೆದರೆ ಅದು ದೂರು ಆಗುತ್ತದೆ, ದೂರು ಬೇರೆ ಟೇಬಲ್ಲಿಗೆ ಹೋಗುತ್ತದೆ, ನಕಲು ಕೇಳಿದ್ದು ಹಾಗೇ ಉಳಿಯುತ್ತದೆ. ನಾವು ಕೊನೆಗೆ ಕೊಟ್ಟ ಅರ್ಜಿ ಸುಮಾರು ಹೀಗಿತ್ತು:

"ತಹಶೀಲ್ದಾರ್ ಅವರಿಗೆ. ವಿಷಯ: ಕೈಬರಹದ ಪಹಣಿಯ ದೃಢೀಕೃತ ನಕಲು ಕೋರಿ. ಮಾನ್ಯರೇ, ಇಂಥ ಹೋಬಳಿ, ಇಂಥ ಗ್ರಾಮದ ಸರ್ವೆ ನಂಬರ್ 47ಕ್ಕೆ (ಹಾಲಿ 47/1 ಮತ್ತು 47/2) ಸಂಬಂಧಿಸಿದ 1968-69ರಿಂದ 1975-76ರವರೆಗಿನ ಕೈಬರಹದ ಪಹಣಿಗಳ ದೃಢೀಕೃತ ನಕಲು ನೀಡಬೇಕಾಗಿ ಕೋರುತ್ತೇನೆ. ನಿಗದಿತ ಶುಲ್ಕ ಪಾವತಿಸುತ್ತೇನೆ. ದಾಖಲೆ ಲಭ್ಯವಿಲ್ಲದಿದ್ದಲ್ಲಿ ಆ ಬಗ್ಗೆ ಹಿಂಬರಹ ನೀಡಬೇಕಾಗಿ ವಿನಂತಿ."

ಕೊನೆಯ ಸಾಲು ಬಿಡಲೇಬೇಡಿ. ಹಿಂಬರಹ ಅಂದರೆ ಕಚೇರಿಯವರು ನಿಮ್ಮ ಅರ್ಜಿಗೆ ಸಹಿ ಹಾಕಿ, ಸೀಲು ಹಾಕಿ ಬರೆದು ಕೊಡುವ ಉತ್ತರ. ಬಾಯಲ್ಲಿ "ಇಲ್ಲ" ಎಂದು ಹೇಳುವುದು ಸುಲಭ, ಬರೆದು ಕೊಡುವಾಗ ಇನ್ನೊಮ್ಮೆ ಕಪಾಟು ನೋಡಬೇಕಾಗುತ್ತದೆ. ನಮಗೆ ಒಂದು ಕಚೇರಿಯಲ್ಲಿ ಎರಡು ಸಲ ಇಲ್ಲ ಅಂದ ಪುಸ್ತಕ ಹಿಂಬರಹ ಕೇಳಿದ ಮೇಲೆ ಸಿಕ್ಕಿತು.

ಇನ್ನೊಂದು ಮಾತು. ಕಡತ ನಿಜಕ್ಕೂ ಇಲ್ಲದಿದ್ದರೆ ಆ ಹಿಂಬರಹವೇ ದಾಖಲೆ. ಮುಂದೆ ಉಪವಿಭಾಗಾಧಿಕಾರಿ ಹತ್ತಿರವೋ ಕೋರ್ಟಿಗೋ ಹೋದರೆ "ಕೇಳಿದ್ದೆವು, ಇಲ್ಲ ಎಂದು ಕೊಟ್ಟಿದ್ದಾರೆ" ಎಂದು ತೋರಿಸಲು ಬೇಕಾಗುತ್ತದೆ.

ಅರ್ಜಿ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಪರಿಚಯದವರು ಇದ್ದಾರೆ ಎಂದು ನೇರವಾಗಿ ಕೇಸ್ ವರ್ಕರ್ ಕೈಗೆ ಕೊಡುವುದು ಬೇಡ. ಅವರು ಒಳ್ಳೆಯವರೇ ಇರಬಹುದು, ಆದರೆ ವರ್ಗ ಆಗಿ ಹೋದರೆ ನಿಮ್ಮ ಅರ್ಜಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನೀವು ಕೇಳಿದ ಸೇವೆ ಸಕಾಲದ (ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಎನ್ನುವ ಯೋಜನೆ) ಪಟ್ಟಿಯಲ್ಲಿದ್ದರೆ ಜಿಎಸ್‌ಸಿ ನಂಬರ್, ಅಂದರೆ ಅರ್ಜಿಯ ಗುರುತಿನ ನಂಬರ್ ಇರುವ ಸ್ವೀಕೃತಿ ಕೊಡಬೇಕು, ಕೇಳಿ ಪಡೆಯಿರಿ. ಸಕಾಲ ಕಾಯ್ದೆ 2011ರದು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. 500 ರೂಪಾಯಿ ಮುಖ್ಯ ಅಲ್ಲ, ಆ ನಂಬರ್ ಇದ್ದರೆ ಅರ್ಜಿ ಯಾರ ಟೇಬಲ್ಲಿನಲ್ಲಿ ನಿಂತಿದೆ ಎಂದು ನೋಡಬಹುದು, ಅದು ಮುಖ್ಯ.

ನಮ್ಮ ಸರದಿ ಬಂದಾಗ ರೆಕಾರ್ಡ್ ಕೀಪರ್ ಒಳಗಿಂದ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ತಂದು ಮೇಜಿನ ಮೇಲೆ ಇಟ್ಟರು. ಬಿಚ್ಚಿದಾಗ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಹಾಳೆಗಳ ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು. ಅವರು ಬೆರಳಿಗೆ ಉಗುಳು ಹಚ್ಚದೆ ಹಾಳೆಯ ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ಮಗುಚುತ್ತಿದ್ದರು. 47ರ ಪುಟದಲ್ಲಿ ಒಂದೇ ಹಾಳೆಯ ಮೇಲೆ ಹಲವು ವರ್ಷಗಳ ನಮೂದು. 1970-71ರ ಸಾಲಿನಲ್ಲಿ ಅಜ್ಜನ ಹೆಸರು ನೀಲಿ ಶಾಯಿಯಲ್ಲಿ, 2-14. ಅದರ ಕೆಳಗೆ ಕೆಂಪು ಶಾಯಿಯಲ್ಲಿ 2-14ಕ್ಕೆ ಅಡ್ಡಗೆರೆ, 1-38, ಪಕ್ಕದಲ್ಲಿ ಇನ್ನೊಂದು ಹೆಸರು, 0-16, "ಎಂ.ಆರ್. 12/71-72, ಕ್ರಯ". ಚಿಕ್ಕಪ್ಪ ಅದನ್ನು ಎರಡು ಸಲ ಓದಿದರು. ಏನೂ ಮಾತಾಡಲಿಲ್ಲ.

ಹಾಗೆ ಪುಟ ಕಣ್ಣಿಗೆ ಬಿದ್ದಾಗ ಸುಮ್ಮನೆ ನಕಲಿಗೆ ಕಾಯಬೇಡಿ. ಅಲ್ಲೇ ಕೇಳಿ ಎಂ.ಆರ್. ನಂಬರ್, ವರ್ಷ ಚೀಟಿಯಲ್ಲಿ ಬರೆದುಕೊಳ್ಳಿ. ಅದೇ ದಿನ ಆ ಎಂ.ಆರ್. ನಕಲಿಗೆ ಎರಡನೇ ಅರ್ಜಿ ಕೊಟ್ಟು ಬಂದರೆ ಒಂದು ಓಡಾಟ ಉಳಿಯುತ್ತದೆ.

ಅಳತೆಯ ಕಾಗದ, ನೋಂದಣಿಯ ಕಾಗದ

ಇವು ತಹಶೀಲ್ದಾರ್ ಹತ್ತಿರ ಸಿಗುವುದಿಲ್ಲ. ಟಿಪ್ಪಣಿ, ಹಿಸ್ಸಾ ಸ್ಕೆಚ್, ಆಕಾರ್‌ಬಂದ್, ಗ್ರಾಮ ನಕ್ಷೆ ಇವೆಲ್ಲ ಸರ್ವೆ ಇಲಾಖೆಯವು. ತಾಲ್ಲೂಕು ಮಟ್ಟದಲ್ಲಿ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿ, ಜನ ಎಡಿಎಲ್‌ಆರ್ ಆಫೀಸು ಅನ್ನುತ್ತಾರೆ. ಆಕಾರ್‌ಬಂದ್‌ನಲ್ಲಿ ಆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಕಂದಾಯ ಎಷ್ಟು ಎಂದು ಇರುತ್ತದೆ. ಜಮೀನಿನ ಅಳತೆಯಲ್ಲಿ ವ್ಯತ್ಯಾಸ ಕಂಡರೆ ಯಾರ ಮೇಲೂ ಅನುಮಾನ ಪಡುವ ಮೊದಲು ಖರಾಬು ನೋಡಿ. ಹಳ್ಳ, ಬಂಡೆ, ದಾರಿ ಹೋದ ಜಾಗ ಖರಾಬಿನಲ್ಲಿ ಸೇರಿ ಉಳಿದದ್ದು ಕಡಿಮೆ ಕಾಣುವುದು ತುಂಬಾ ಸಾಮಾನ್ಯ.

ಕ್ರಯ, ದಾನ, ವಿಭಾಗಪತ್ರ ಇವುಗಳಿಗೆ ಉಪ ನೋಂದಣಾಧಿಕಾರಿ ಕಚೇರಿ. ಇಲ್ಲಿ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನೋಂದಣಿ ಕಾಯ್ದೆ 1908ರ 57ನೇ ಕಲಂ ಪ್ರಕಾರ 1ನೇ ಪುಸ್ತಕವನ್ನು, ಅಂದರೆ ಸ್ಥಿರಾಸ್ತಿ ಪತ್ರಗಳನ್ನು ನಕಲು ಮಾಡಿಟ್ಟ ಪುಸ್ತಕವನ್ನು, ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. "ನೀವು ಪಾರ್ಟಿ ಅಲ್ಲ, ಕೊಡುವುದಿಲ್ಲ" ಎಂದರೆ ಈ ಕಲಂ ಹೇಳಿ. ಉಯಿಲಿನ ಪುಸ್ತಕಕ್ಕೆ ಇದು ಅನ್ವಯಿಸುವುದಿಲ್ಲ, ಉಯಿಲು ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಅದರ ನಕಲು ಕೊಡುವುದಿಲ್ಲ.

ಪತ್ರದ ನಂಬರ್ ಗೊತ್ತಿಲ್ಲದಿದ್ದರೆ ಋಣಭಾರ ಪತ್ರ ತೆಗೆಸಿ, ಅದೇ ಇ.ಸಿ. ಆ ಅವಧಿಯಲ್ಲಿ ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ. 2004ರ ಏಪ್ರಿಲ್ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಮನೆಯಿಂದಲೇ ತೆಗೆಯಬಹುದು. ಅದಕ್ಕಿಂತ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು, ಅವರು ಹಳೆಯ ಸೂಚಿ ಪುಸ್ತಕ ತೆಗೆದು ಕೈಯಲ್ಲಿ ಹುಡುಕುತ್ತಾರೆ. ಅದಕ್ಕೆ ವರ್ಷ ಕಿರಿದು ಮಾಡಿಕೊಡಿ. "1950ರಿಂದ ಈವರೆಗೆ" ಎಂದು ಬರೆದರೆ ಶುಲ್ಕವೂ ಜಾಸ್ತಿ, ಹುಡುಕುವವರಿಗೂ ಬೇಸರ. ಎಂ.ಆರ್. ವರ್ಷ ಗೊತ್ತಿದ್ದರೆ ಅದರ ಹಿಂದೆ ಮುಂದೆ ಒಂದೆರಡು ವರ್ಷ ಸಾಕು. ಆಗ ನಿಮ್ಮ ಊರು ಯಾವ ಉಪ ನೋಂದಣಿ ಕಚೇರಿಗೆ ಸೇರಿತ್ತು ಎನ್ನುವುದನ್ನೂ ಕೇಳಿಕೊಳ್ಳಿ, ಎಷ್ಟೋ ಕಡೆ ಕಚೇರಿಗಳು ಆಮೇಲೆ ಬೇರೆಯಾಗಿವೆ.

ಹಳೆಯ ಕಾಗದ ಕನ್ನಡದಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ಕಲಬುರಗಿ, ಬೀದರ್, ರಾಯಚೂರು ಕಡೆ 1956ರ ಹಿಂದಿನದು ಉರ್ದುವಿನಲ್ಲಿ, ಬೆಳಗಾವಿ, ಧಾರವಾಡದ ಕಡೆ ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ ಇರಬಹುದು. ಮಂಗಳೂರು ಕಡೆ ಪಹಣಿಯಂಥದೇ ದಾಖಲೆಗೆ ಮದ್ರಾಸಿನ ಕಾಲದ ಅಡಂಗಲ್ ಎನ್ನುವ ಹೆಸರು ಕೇಳಿಬರುತ್ತದೆ. ಓದಿಸುವವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಕಚೇರಿಯಿಂದ ನಕಲು ಸಿಗುತ್ತದೆ, ಅರ್ಥ ಸಿಗುವುದಿಲ್ಲ.

ಒಂದು ಕಚೇರಿಯಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ, ಇದನ್ನು ನೆನಪಿಟ್ಟುಕೊಳ್ಳಿ. ಪಹಣಿ ಪುಸ್ತಕ ಹುಳ ತಿಂದಿದ್ದರೆ ಎಂ.ಆರ್. ಪುಸ್ತಕ ನೋಡಿ. ಎರಡೂ ಇಲ್ಲದಿದ್ದರೆ ನೋಂದಣಿ ಕಚೇರಿ. ಆ ಜಮೀನಿನ ಮೇಲೆ ಯಾವತ್ತಾದರೂ ಸಾಲ ಎತ್ತಿದ್ದರೆ ಬ್ಯಾಂಕು ಅಥವಾ ಸೊಸೈಟಿಯ ಸಾಲದ ಕಡತದಲ್ಲಿ ಆ ಕಾಲದ ಪಹಣಿಯ ನಕಲು ಇದ್ದೀತು. ಗೇಣಿ ಜಮೀನಾಗಿದ್ದರೆ ಭೂ ನ್ಯಾಯಮಂಡಳಿಯ ಕಡತ, ಅದರಲ್ಲಿ ಜಮೀನು ತಮಗೆ ಆಗಬೇಕೆಂದು ಗೇಣಿದಾರರು ಹಾಕಿದ ನಮೂನೆ 7ರ ಅರ್ಜಿಯೇ ಇರುತ್ತದೆ. ಹಿಂದೆ ಕೋರ್ಟಿನಲ್ಲಿ ಕೇಸು ನಡೆದಿದ್ದರೆ ಅಲ್ಲೂ ನಕಲಿಗೆ ಅರ್ಜಿ ಹಾಕಬಹುದು.

ಮಾಹಿತಿ ಹಕ್ಕು ಯಾವಾಗ

ಎಲ್ಲದಕ್ಕೂ ಮೊದಲೇ ಆರ್‌ಟಿಐ ಹಾಕುವವರಿದ್ದಾರೆ. ನನ್ನ ಅನುಭವದಲ್ಲಿ ಅದು ಬೇಡ. ಪಹಣಿ, ಎಂ.ಆರ್., ಇ.ಸಿ. ಇವುಗಳಿಗೆ ಬೇರೆ ಕೌಂಟರು, ಬೇರೆ ಶುಲ್ಕ ಇದೆ, ಅಲ್ಲಿ ಬೇಗ ಆಗುತ್ತದೆ. ಆರ್‌ಟಿಐ ಕೆಲಸಕ್ಕೆ ಬರುವುದು ಅರ್ಜಿ ಕೊಟ್ಟು ತಿಂಗಳಾದರೂ ಸುದ್ದಿ ಇಲ್ಲದಾಗ, ಅಥವಾ ಕೌಂಟರಿನಲ್ಲಿ ಸಿಗದ ಕಾಗದ ಬೇಕಾದಾಗ. ಪಂಚಾಯಿತಿಯ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಬಿಲ್ಲು, ಅಳತೆ ಪುಸ್ತಕ, ಗ್ರಾಮಸಭೆಯ ನಡಾವಳಿ ಇಂಥವು. ಪಂಚಾಯಿತಿ ಮನೆ, ಸೈಟಿನ ಆಸ್ತಿ ದಾಖಲೆಗಳಾದ ನಮೂನೆ 9, 11 ಮಾತ್ರ ಇ-ಸ್ವತ್ತು ತಾಣದ ಮೂಲಕ ಸಿಗುತ್ತವೆ, ಅದಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋದರೆ ಸಾಕು.

ಮಾಹಿತಿ ಹಕ್ಕು ಕಾಯ್ದೆ 2005ರದು. ಅರ್ಜಿ ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ತಗೊಂಡು ಲಗತ್ತಿಸಿದರೆ ರಗಳೆ ಇಲ್ಲ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ, ಕಾರ್ಡಿನ ಜೆರಾಕ್ಸ್ ಇಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಯಾಕೆ ಬೇಕು ಎಂದು ಕೇಳುವ ಹಾಗಿಲ್ಲ, ನೀವು ಹೇಳಬೇಕಾಗಿಯೂ ಇಲ್ಲ. ತಪ್ಪು ಕಚೇರಿಗೆ ಕೊಟ್ಟಿದ್ದರೆ 5 ದಿನದಲ್ಲಿ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. ಉತ್ತರಕ್ಕೆ 30 ದಿನ. ದಾಟಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು.

ಪ್ರಶ್ನೆ ಹೇಗೆ ಕೇಳುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. "ನನ್ನ ಕೆಲಸ ಯಾಕೆ ಮಾಡಿಲ್ಲ?" ಎಂದು ಕೇಳಿದರೆ, ಯಾಕೆ ಎನ್ನುವುದು ಮಾಹಿತಿ ಅಲ್ಲ ಎಂದು ಬರೆದು ಕಳಿಸುತ್ತಾರೆ. ಅದರ ಬದಲು "ಇಂಥ ತಾರೀಕಿನ, ಇಂಥ ಇನ್‌ವರ್ಡ್ ನಂಬರಿನ ನನ್ನ ಅರ್ಜಿಯ ಮೇಲೆ ಈವರೆಗೆ ಬರೆದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ, ಆ ಅರ್ಜಿ ಈಗ ಯಾರ ಬಳಿ ಇದೆ ಎನ್ನುವುದನ್ನು ತೋರಿಸುವ ದಾಖಲೆ ಕೊಡಿ" ಎಂದು ಕೇಳಿ. ಇರುವ ಕಾಗದ ಕೇಳಬೇಕು, ಉತ್ತರ ಕೇಳಬಾರದು. ಎಷ್ಟು ಪುಟ ಇದೆಯೋ, ಯಾವುದು ಬೇಕೋ ಗೊತ್ತಿಲ್ಲದಿದ್ದರೆ "ಕಡತ ಪರಿಶೀಲನೆಗೆ ಅವಕಾಶ ಕೊಡಿ" ಎಂದು ಬರೆಯಿರಿ. ಕಾಯ್ದೆಯಲ್ಲೇ ಆ ಹಕ್ಕು ಇದೆ. ನೋಡಿ, ಬೇಕಾದ ಪುಟಕ್ಕೆ ಮಾತ್ರ ದುಡ್ಡು ಕಟ್ಟಬಹುದು.

ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಸಮಾಧಾನ ಇಲ್ಲದಿದ್ದರೆ, 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಗ್ರಾಮ ಪಂಚಾಯಿತಿ ವಿಷಯಕ್ಕೆ ಸಾಮಾನ್ಯವಾಗಿ ಅದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಇಒ. ಎಷ್ಟೋ ಅರ್ಜಿ ಈ ಹಂತದಲ್ಲೇ ಮುಗಿಯುತ್ತವೆ. ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಅಲ್ಲಿ ಸರದಿ ಬರುವುದಕ್ಕೆ ತಾಳ್ಮೆ ಬೇಕು.

ದುಡ್ಡು ಕೇಳಿದರೆ ರಸೀದಿ ಕೇಳಿ. ರಸೀದಿ ಇಲ್ಲದ ದುಡ್ಡು ಯಾವುದೇ ಆಗಲಿ ಕೊಡಬೇಡಿ, ಅಂಥದ್ದಕ್ಕೆ ಲೋಕಾಯುಕ್ತ ಇದೆ. ಜೊತೆಗೆ ಒಂದು ಮಾತು ಹೇಳಲೇಬೇಕು, ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡುವವರ ಕಷ್ಟವೂ ಸಣ್ಣದಲ್ಲ. ಒಬ್ಬರೇ ಇರುತ್ತಾರೆ, ಇಡೀ ತಾಲ್ಲೂಕಿನ ಗಂಟು ಅವರ ತಲೆ ಮೇಲೆ. ನಂಬರು, ವರ್ಷ ಸರಿಯಾಗಿ ಬರೆದುಕೊಂಡು ಹೋದರೆ ಅವರಿಗೂ ಸಮಾಧಾನ, ನಿಮ್ಮ ಕೆಲಸವೂ ಆಗುತ್ತದೆ.

ನಕಲು ಕೈಗೆ ಬಂದಮೇಲೆ ಅಲ್ಲೇ ನಿಂತು ನೋಡಿಕೊಳ್ಳಿ. ಪ್ರತಿ ಪುಟಕ್ಕೂ ಸೀಲು, ಸಹಿ, ತಾರೀಕು ಇದೆಯಾ? ಸರ್ವೆ ನಂಬರ್, ಗ್ರಾಮದ ಹೆಸರು ಜೆರಾಕ್ಸಿನಲ್ಲಿ ಕತ್ತರಿಸಿ ಹೋಗಿಲ್ಲ ತಾನೇ? ಮೇಲಿನ ಸಾಲು ಕತ್ತರಿಸಿದ ಪಹಣಿ ಯಾವ ಊರಿನದು ಎಂದೇ ಹೇಳಲು ಬರುವುದಿಲ್ಲ, ಅಂಥದ್ದನ್ನು ವಾಪಸ್ ಕೊಟ್ಟು ಮತ್ತೆ ತೆಗೆಸಿ. ಮನೆಗೆ ಬಂದು ಫೋಟೋ ತೆಗೆದಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಸೀಲಿನ ಶಾಯಿ ಹಾಳಾಗುತ್ತದೆ.

ನಮ್ಮ ವಿಷಯ ಮುಗಿದದ್ದು ನೋಂದಣಿ ಕಚೇರಿಯಲ್ಲಿ. ಎಂ.ಆರ್. 12ರ ನಕಲಿನಲ್ಲಿ ಕ್ರಯಪತ್ರದ ನಂಬರ್ ಇತ್ತು. ಅದನ್ನು ಹಿಡಿದು 1ನೇ ಪುಸ್ತಕದಿಂದ ನಕಲು ತೆಗೆಸಿದೆವು. ಮೂರು ಪುಟ, ಬರೆದವರ ಅಕ್ಷರ ಮುತ್ತಿನ ಹಾಗಿತ್ತು. "ನನ್ನ ಹಿರಿಮಗಳ ಮದುವೆಯ ಖರ್ಚಿನ ಬಾಬ್ತು" ತನ್ನ ಜಮೀನಿನ ಪೂರ್ವದ ಕಡೆಯ 16 ಗುಂಟೆಯನ್ನು ಪಕ್ಕದ ಜಮೀನಿನವರಿಗೆ ಕ್ರಯಕ್ಕೆ ಕೊಟ್ಟಿದ್ದೇನೆ ಎಂದು ಅಜ್ಜನೇ ಬರೆಸಿಕೊಟ್ಟಿದ್ದರು. ಕೊನೆಯಲ್ಲಿ ಅವರ ಹೆಬ್ಬೆಟ್ಟು. ಹಿರಿಮಗಳು ಅಂದರೆ ನಮ್ಮ ದೊಡ್ಡತ್ತೆ. ಆಗ ಚಿಕ್ಕಪ್ಪನಿಗೆ ನಾಲ್ಕು ವರ್ಷ.

ಚಿಕ್ಕಪ್ಪ ಬಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಎರಡು ಸೆಟ್ ಜೆರಾಕ್ಸ್ ಮಾಡಿಸಿದರು. ಒಂದನ್ನು ವಕೀಲರಿಗೆ ಕೊಟ್ಟು ಕೇಸು ಬೇಡ ಎಂದರು. ಇನ್ನೊಂದನ್ನು ಆ ಸಂಜೆ ತಾವೇ ಪಕ್ಕದ ಮನೆಗೆ ತಗೊಂಡು ಹೋದರು. ಅವರ ಹತ್ತಿರ ಇದ್ದ ಮೂಲ ಪತ್ರ ಯಾವುದೋ ಮಳೆಗಾಲದಲ್ಲಿ ಮನೆ ಸೋರಿ ಹಾಳಾಗಿತ್ತಂತೆ, ಅಷ್ಟು ವರ್ಷ ಅವರ ಹತ್ತಿರವೂ ತೋರಿಸಲು ಏನೂ ಇರಲಿಲ್ಲ.